ಒಬ್ಬಳಿಗೆ ಒಂದು ಖೋಲಿ

ನಾಲಗೆಯ ತುದಿ ಅರ್ಧ ಇಂಚು ಹಿಂದಕ್ಕೆ ಮಡಚಿಕೊಳ್ಳುವುದಕ್ಕೂ ಮಡಚಿಕೊಳ್ಳದೆ ಇರುವುದಕ್ಕೂ ಎಷ್ಟು ಅಂತರವಿದೆ ಎಂಬ ವಿಷಯ ಕನ್ನಡ ಎಂ.ಎ. ಓದುವವರಿಗೆ ಎರಡನೆಯ ಸೆಮಿಸ್ಟರಿನಲ್ಲಿ, ಉಪಭಾಷೆಗಳ ಪಾಠದಲ್ಲಿ ಬರುತ್ತದೆ. ಸುವರ್ಣಾಳಿಗೆ ಮಾತ್ರ ಅದು ಮೊದಲನೆಯ ಸೆಮಿಸ್ಟರ್ ಶುರುವಾದ ವಾರವೇ, ಅದೂ ಒಂದು ಭಾನುವಾರ, ಯಾವ ಮೇಷ್ಟರ ನೆರವೂ ಇಲ್ಲದೆ ಮನದಟ್ಟಾಯಿತು.

ಸುವರ್ಣಾ ಕುಷ್ಟಗಿ ತಾಲ್ಲೂಕಿನ ಹುಡುಗಿ. ಕಂಡದ್ದನ್ನೆಲ್ಲ ಕೇಳುವ, ಕೇಳಿದ್ದನ್ನೆಲ್ಲ ಬರೆದುಕೊಳ್ಳುವ ಸ್ವಭಾವ. ಅದಕ್ಕೆಂದೇ ಕೈಚೀಲದಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದಳು. ಬೆಂಗಳೂರಿಗೆ ಬಂದ ಮೊದಲ ದಿನ ಸಿಟಿ ಬಸ್ಸಿನ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಏನೋ ಗೀಚಿ, "ಚಿಲ್ರೆ ಇಲ್ಲ, ಇಳೀವಾಗ ಇಸ್ಕೊಳಿ" ಅಂದ. ಇಸ್ಕೊಳ್ಳುವುದು! ಎಂಥ ಚಂದದ ಮಾತು ಎಂದು ಅವಳು ಬರೆದುಕೊಂಡಳು. ಆ ಸಂಭ್ರಮದಲ್ಲಿ ಇಳಿಯುವಾಗ ಚಿಲ್ಲರೆ ಇಸ್ಕೊಳ್ಳುವುದು ಮರೆತೇ ಹೋಯಿತು.

ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲಿನ ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಜೊತೆಗೆ ಬಂದಿದ್ದ ತಂದೆ ದೇವೇಂದ್ರಪ್ಪ, ವಿಜಯನಗರದಲ್ಲಿದ್ದ ತನ್ನ ಅಕ್ಕನ ಮಗ ರುದ್ರೇಶನ ಮನೆಯಲ್ಲಿ ಮಗಳೊಂದಿಗೆ ಬಿಡಾರ ಹೂಡಿ ಐದು ದಿನವಾಗಿತ್ತು. ಒಂದು ಹಾಲ್, ಒಂದು ಅಡುಗೆಮನೆ, ಇಬ್ಬರು ಮಕ್ಕಳು ಇರುವ ಮನೆ ಅದು. "ಅಡ್ಡಿಯಿಲ್ಲ, ಇರ್ರಿ" ಎನ್ನುವ ರುದ್ರೇಶನ ಹೆಂಡತಿಯ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ದೇವೇಂದ್ರಪ್ಪ ಜೇಬಿನಿಂದ ಎರಡು ಬಸ್ ಟಿಕೆಟ್ ತೆಗೆದು ಟಿ.ವಿ. ಮೇಲೆ ಇಟ್ಟ.

"ರಾತ್ರಿ ಎಂಟೂವರಿ ಬಸ್ಸು. ಸಂಜೀ ಐದರೊಳಗ ಛಲೋ ಖೋಲಿ ಸಿಕ್ಕರ ನಿನ್ನ ಟಿಕೀಟು ಕ್ಯಾನ್ಸಲ್ ಮಾಡಸ್ತೀನಿ. ಸಿಗಲಿಲ್ಲಂದ್ರ ಇಬ್ಬರೂ ಊರಿಗೆ. ಎಂ.ಎ. ಮುಂದಿನ ವರ್ಷ ನೋಡೂಣು."

ಮುಂದಿನ ವರ್ಷ ಅಂದರೆ ಏನು ಎಂದು ಸುವರ್ಣಾಳಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಅವಳ ಗೆಳತಿ ಉಮಾಶ್ರೀಗೂ ಮುಂದಿನ ವರ್ಷ ನೋಡೂಣು ಅಂದಿದ್ದರು. ಉಮಾಶ್ರೀ ಈಗ ಇಳಕಲ್ಲಿನಲ್ಲಿ ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ಸುವರ್ಣಾಳಿಗೆ ರೊಟ್ಟಿಯ ಮೇಲೆ ಕೋಪವಿರಲಿಲ್ಲ, ಆದರೆ ಆ ನೋಟ್‌ಬುಕ್ ಇನ್ನೂ ಅರ್ಧ ಖಾಲಿ ಇತ್ತು.

ಛಲೋ ಖೋಲಿ, ಅಂದರೆ ಒಳ್ಳೆಯ ರೂಮು, ಯಾವುದು ಎಂಬುದಕ್ಕೆ ದೇವೇಂದ್ರಪ್ಪನ ಬಳಿ ಮೂರು ಕರಾರುಗಳಿದ್ದವು. ಮೂವತ್ತು ವರ್ಷ ಅಂಚೆಯ ಚೀಲ ಹೊತ್ತು ಊರೂರ ಬಾಗಿಲು ತಟ್ಟಿದ ಮನುಷ್ಯ. ಚಿಲಕದ ಸದ್ದು ಕೇಳಿದರೆ ಸಾಕು, ಮನೆ ಎಂಥದ್ದು ಎಂದು ಹೇಳುತ್ತಿದ್ದ. ಹಾಗಾಗಿ ಮೊದಲನೆಯದು, ಒಳಗಿನ ಚಿಲಕ ಗಟ್ಟಿ ಇರಬೇಕು. ಎರಡನೆಯದು, ಮನೆಯ ಮಾಲಕರು ಅಲ್ಲೇ ವಾಸವಿರಬೇಕು. ಮೂರನೆಯದು, ಹಗಲು ಹೊತ್ತು ಮನೆಯಲ್ಲಿ ಒಬ್ಬ ಹೆಣ್ಣುಮಗಳು ಇರಬೇಕು. ಬಾಡಿಗೆ ಸೋವಿ ಇರಬೇಕು ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅದು ಅವನ ಅಂಗಿಯ ಕಾಲರ್ ನೋಡಿದರೇ ತಿಳಿಯುತ್ತಿತ್ತು. ಬಸ್ಸಿನಲ್ಲಿ ಕೂತು ಮಂಡಿ ಊದಿದ್ದರಿಂದ ಅವನು ಮನೆಯಲ್ಲೇ ಉಳಿದ. ಮೊಬೈಲು ಇನ್ನೂ ಮನೆಗೊಂದು ಇದ್ದ ಕಾಲ. ರುದ್ರೇಶನ ಮೊಬೈಲನ್ನು ಅಪ್ಪ ಎದುರಿಗೆ ಇಟ್ಟುಕೊಂಡು ಕೂತ, ಮಗಳು ಒಂದು ರೂಪಾಯಿಯ ನಾಣ್ಯಗಳನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು.

ಮೊದಲು ಗಂಟುಬಿದ್ದವನು ಕಾಂತರಾಜು ಎಂಬ ಬ್ರೋಕರ್. ಉತ್ತರ ಕರ್ನಾಟಕದ ಹುಡುಗ ಹುಡುಗಿಯರಿಗೆ ರೂಮು ತೋರಿಸಿ ತೋರಿಸಿ ಅವನಿಗೆ ಅವರ ಮಾತೆಲ್ಲ ಬಾಯಿಪಾಠವಾಗಿತ್ತು. ಅವನು ತೋರಿಸಿದ ಮೊದಲನೆಯ ರೂಮಿನ ಬಾಗಿಲಿಗೆ ಭಾರಿ ಚಿಲಕವೇ ಇತ್ತು, ಆದರೆ ಹೊರಗಡೆ ಮಾತ್ರ.

"ಅಣ್ಣಾ, ಒಳಗ ಚಿಲಕ ಇಲ್ಲಲ್ರಿ?"

"ಒಳಗ್ಯಾಕಮ್ಮ? ರಾತ್ರಿ ಒಂಬತ್ತಕ್ಕೆ ಓನರ್ರೇ ಬಂದು ಹೊರಗಿಂದ ಹಾಕ್ಕೊಂಡು ಹೋಗ್ತಾರೆ, ಬೆಳಿಗ್ಗೆ ಆರಕ್ಕೆ ತೆಗೀತಾರೆ. ಹೆಣ್ಮಕ್ಳಿಗೆ ಇದಕ್ಕಿಂತ ಸೇಫ್ಟಿ ಬೇಕಾ?"

ಎರಡನೆಯ ರೂಮಿಗೆ ಚಿಲಕದ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಬಾಗಿಲೇ ಇರಲಿಲ್ಲ. ಮಂಗಳವಾರ ಬರುತ್ತದೆ ಎಂದ ಕಾಂತರಾಜು. ಯಾವ ಮಂಗಳವಾರ ಎಂದು ಅವಳು ಕೇಳಿದಳು. ಅದಕ್ಕೆ ಅವನು ಬೇಜಾರು ಮಾಡಿಕೊಂಡು ಬೈಕ್ ಹತ್ತಿ ಹೊರಟುಹೋದ.

ಮೂರನೆಯದನ್ನು ಅವಳೇ ಕಂಡುಹಿಡಿದಳು. ನಾಗರಬಾವಿಯ ಒಂದು ತಣ್ಣನೆಯ ಅಡ್ಡರಸ್ತೆ, ಗೇಟಿಗೆ ತೂಗುಹಾಕಿದ್ದ ಟು-ಲೆಟ್ ಬೋರ್ಡು. ಮನೆಯ ಯಜಮಾನರು ಏಕಾಂತಯ್ಯ, ಹುಬ್ಬಳ್ಳಿಯಲ್ಲಿ ಹನ್ನೆರಡು ವರ್ಷ ನೌಕರಿ ಮಾಡಿ ನಿವೃತ್ತರಾದವರು. "ಖೋಲಿ ಐತೇನ್ರಿ?" ಎಂದು ಅವಳು ಕೇಳಿದ ಕೂಡಲೇ ಅವರ ಮುಖ ಅರಳಿತು.

"ಖೋಲಿ! ಎಷ್ಟು ವರ್ಷ ಆಯ್ತಮ್ಮ ಈ ಮಾತು ಕೇಳಿ. ಬಾ, ಬಾ, ನೋಡು."

ಮಹಡಿಯ ಮೇಲೆ ಪುಟ್ಟ ಕೋಣೆ. ಒಂದು ಕಿಟಕಿ, ಕಿಟಕಿಯ ಆಚೆ ನುಗ್ಗೆಮರ. ಬಾಡಿಗೆಯೂ ಅವಳ ಕೈಗೆ ಎಟುಕುವಂಥದ್ದು. ಅವಳು ಬಾಗಿಲು ಮುಚ್ಚಿ ಚಿಲಕ ಜಡಿದಳು. ಠಣ್ ಎಂದಿತು. ಆ ಸದ್ದು ಕೇಳಿದ್ದರೆ ಅಪ್ಪ ಅಲ್ಲೇ ಕೈಮುಗಿಯುತ್ತಿದ್ದ ಎಂದುಕೊಂಡಳು.

"ನಂಗೇನೋ ಒಪ್ಗೆ" ಎಂದರು ಏಕಾಂತಯ್ಯ. "ಆದ್ರೆ ಈ ಮನೇಲಿ ಒಪ್ಪೋ ಖಾತೆ ನಂದಲ್ಲ. ನಮ್ಮ ಮನೆಯವರು ಗೃಹಪ್ರವೇಶಕ್ಕೆ ಹೋಗಿದಾರೆ. ಮೂರು ಗಂಟೆಗೆ ಬಾ. ವೆಜ್ಜು ತಾನೆ ನೀನು?"

"ಅಪ್ಪಟ ರೀ. ಮೊಟ್ಟೀನೂ ಮುಟ್ಟಂಗಿಲ್ಲ."

"ಹಂಗಾದ್ರೆ ಆಯ್ತು ಅಂತ್ಲೇ ತಿಳ್ಕೊ."

ಇಲ್ಲಿಗೆ ಸಾಕೆಂದು ಸುಮ್ಮನೆ ಒಂದು ಮರದ ನೆರಳಿನಲ್ಲಿ ಮೂರು ಗಂಟೆಯವರೆಗೆ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ಮನೆಯಾಕೆ ಬೇಡವೆಂದರೆ? ಇನ್ನೊಂದು ಖೋಲಿ ಕೈಯಲ್ಲಿರಲಿ ಎಂದು ಸುವರ್ಣಾ ಮಲ್ಲತ್ತಹಳ್ಳಿಯ ಕಡೆಗೆ ಹೆಜ್ಜೆ ಹಾಕಿದಳು. ಒಂದು ದಿನಸಿ ಅಂಗಡಿ ಕಂಡಿತು. ಅಂಗಡಿಯವನು ಸಕ್ಕರೆ ತೂಗುತ್ತಿದ್ದ, ಹಿಂದೆ ರೇಡಿಯೊ ಅರಚುತ್ತಿತ್ತು.

"ಅಣ್ಣಾ, ಇಲ್ಲೆ ಖೋಲಿ ಎಲ್ಲಿ ಸಿಗತಾವ್ರಿ?"

"ಭಾನುವಾರ ಅಲ್ವಾ, ಬೇಗ ಹೋಗಿ" ಎಂದ ಅವನು ತಲೆ ಎತ್ತದೆ. "ಮಧ್ಯಾಹ್ನದ ಮೇಲೆ ಒಳ್ಳೇವು ಸಿಗಲ್ಲ."

"ಹೌದೇನ್ರಿ! ಅಷ್ಟು ಬೇಡಿಕಿ ಐತೇನು?"

"ಮತ್ತೆ? ಕೆರೆ ಕಡೆ ಹೋಗಿ, ವೆಂಕಟಲಕ್ಷ್ಮಮ್ಮ ಅಂತ ಕೇಳಿ. ಬೇರೆ ಕಡೆ ಹೋಗ್ಬೇಡಿ, ತೂಕದಲ್ಲಿ ಮೋಸ ಮಾಡ್ತಾರೆ."

ತೂಕ! ಇಲ್ಲಿಯವರು ಖೋಲಿಯ ಉದ್ದಗಲಕ್ಕೆ ತೂಕ ಎನ್ನುತ್ತಾರೆ ಎಂಬುದು ಅವಳಿಗೆ ಹೊಸ ವಿಷಯ. ಬರೆದುಕೊಂಡಳು. ಅಲ್ಲೇ ಇದ್ದ ಕಾಯಿನ್ ಫೋನಿಗೆ ನಾಣ್ಯ ಹಾಕಿ ಅಪ್ಪನಿಗೆ ಸುದ್ದಿ ಮುಟ್ಟಿಸಿದಳು: ನಾಗರಬಾವಿಯಲ್ಲಿ ಒಂದು ಖೋಲಿ ಆಗುವ ಹಾಗಿದೆ, ಮಲ್ಲತ್ತಹಳ್ಳಿಯಲ್ಲಿ ವೆಂಕಟಲಕ್ಷ್ಮಮ್ಮ ಅಂತ ಒಬ್ಬರು ಇದ್ದಾರಂತೆ, ಅಲ್ಲೂ ನೋಡಿ ಮತ್ತೆ ಫೋನು ಮಾಡುತ್ತೇನೆ.

ವೆಂಕಟಲಕ್ಷ್ಮಮ್ಮ ಆ ಹಳ್ಳಿಯ ಹಳೆಯ ರೈತರ ಮನೆಯ ಹೆಣ್ಣುಮಗಳು. ಇದ್ದ ಜಮೀನು ಲೇಔಟಾಗಿ ಮುಂದೆ ಎರಡಂತಸ್ತಿನ ಮನೆ ಎದ್ದಿತ್ತು, ಹಿಂದೆ ದೊಡ್ಡ ಹಿತ್ತಲು ಉಳಿದುಕೊಂಡಿತ್ತು. ಅರವತ್ತು ದಾಟಿದ ಆಕೆ ಗೇಟಿನ ಬಳಿ ಕಲ್ಲುಬೆಂಚಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು.

"ಅಮ್ಮಾರ, ನಿಮ್ಮಲ್ಲೆ ಖೋಲಿ ಅದಾವಂತಲ್ರಿ?"

"ಅವೆ ಕಣವ್ವ, ಹಿತ್ಲಲ್ಲಿ. ಎಷ್ಟ್ ಬೇಕು?"

"ಒಂದ ಸಾಕ್ರಿ. ನಾ ಒಬ್ಬಾಕೀನ."

ವೆಂಕಟಲಕ್ಷ್ಮಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಒಬ್ಳಿಗೇ ಒಂದಾ! ಆಗ್ಲಿ ಆಗ್ಲಿ, ವಯಸ್ಸಿನ ಮಗ. ಒಂದು ಬೇಕೇ ಬೇಕು."

ಎಷ್ಟು ತಿಳಿವಳಿಕೆಯ ಹೆಂಗಸು ಎಂದು ಸುವರ್ಣಾಳಿಗೆ ಕಣ್ಣು ತೇವವಾಯಿತು. ಒಬ್ಬಳಿಗೆ ಯಾಕೆ ಒಂದು ಪೂರಾ ರೂಮು ಎಂದು ಕ್ಯಾತೆ ತೆಗೆಯದ ಮಾಲಕಿ.

"ಹಳೇದೇನ್ರಿ, ಹೊಸಾದು?"

"ಹಳೇದ್ನ ಯಾಕವ್ವ ಕೊಡ್ಲಿ, ನಂಗೆ ಮಾನ ಇಲ್ವಾ? ಸಂಕ್ರಾಂತಿ ಆದ್ಮೇಲೆ ಆಗಿದ್ದು."

"ಕಳ್ಳರ ಕಾಟ ಐತೇನ್ರಿ?"

"ಅದ್ಯಾಕ್ ಕೇಳ್ತೀಯ. ಹೋದ್ ತಿಂಗ್ಳು ಒಬ್ಬ ನುಗ್ಗಿ ಎರಡನ್ನ ಎತ್ಕೊಂಡೋದ. ಆವತ್ತಿಂದ ಬಾಗ್ಲಿಗೆ ಮೆಶ್ ಹಾಕ್ಸಿ ದೊಡ್ಡ ಬೀಗ ಜಡ್ದಿವ್ನಿ. ಈಗ ಬೆಕ್ಕೂ ನುಗ್ಗಕಿಲ್ಲ."

ಎರಡು ಖೋಲಿಯ ಸಾಮಾನನ್ನು ಒಬ್ಬನೇ ಎತ್ತಿಕೊಂಡು ಹೋಗಬೇಕಾದರೆ ಅವನೆಂಥ ಆಸಾಮಿ ಇರಬೇಕು ಎಂದು ಅವಳಿಗೆ ಆಶ್ಚರ್ಯವಾಯಿತು. ಅಪ್ಪನ ಕರಾರು ನೆನಪಾಗಿ ಮುಂದುವರಿದಳು. "ನೀವು ಮನ್ಯಾಗ ಇರ್ತೀರೇನ್ರಿ ಹಗಲೊತ್ತು?"

"ಇನ್ನೆಲ್ಲೋಗ್ಲಿ? ಎಲ್ಡೊತ್ತು ನೀರು ಮಡಗೋಳು ನಾನೇ, ಕಾಳು ಹಾಕೋಳು ನಾನೇ."

ನೀರು ಇಟ್ಟು ಕಾಳುಪಲ್ಯದ ಊಟವನ್ನೂ ಹಾಕುತ್ತಾರೆ! ಸುವರ್ಣಾ ಬೆರಗಾಗಿ, ಕೊನೆಯದಾಗಿ ದನಿ ತಗ್ಗಿಸಿ ಕೇಳಿದಳು. "ಗಂಡು ಹುಡುಗರು ಯಾರರ ಅದಾರೇನ್ರಿ ಹಿತ್ತಲದಾಗ?"

"ಗಂಡು ಒಂದೇ ಇರೋದು. ಅದನ್ನ ಬ್ಯಾರೆ ಕಡೆ ಕಾಲು ಕಟ್ಟಾಕಿವ್ನಿ. ಬೆಳಿಗ್ಗೆ ಐದಕ್ಕೆ ಒಂದ್ಸಲ ಕೂಗಾಡ್ತದೆ, ಆಮೇಲೆ ತೆಪ್ಪಗಿರ್ತದೆ."

ಸುವರ್ಣಾಳಿಗೆ ಮರುಕವಾಯಿತು. ಮನೆಯಲ್ಲಿ ಬುದ್ಧಿ ಸರಿಯಿಲ್ಲದ ಮಗನೊಬ್ಬ ಇದ್ದಾನೆ ಪಾಪ, ಬಾಡಿಗೆಯವರಿಗೆ ತೊಂದರೆಯಾಗಬಾರದೆಂದು ಕಟ್ಟಿಹಾಕಿದ್ದಾಳೆ ಈ ತಾಯಿ. ಅದರ ನಡುವೆಯೂ ಅವಳ ಕೈ ತನ್ನಷ್ಟಕ್ಕೆ ನೋಟ್‌ಬುಕ್ಕಿನಲ್ಲಿ ಬರೆಯಿತು: ಮಲ್ಲತ್ತಹಳ್ಳಿಯಲ್ಲಿ ಗಂಡುಮಕ್ಕಳನ್ನು 'ಅದು' ಎನ್ನುತ್ತಾರೆ.

"ಎಷ್ಟ್ರಿ ಮತ್ತ?"

"ನೂರೈವತ್ತು. ಚೌಕಾಸಿ ಇಲ್ಲ."

ಸುವರ್ಣಾಳ ಕಿವಿ ಗುಂಯ್ ಎಂದಿತು. ಬೆಂಗಳೂರಿನಲ್ಲಿ ನೂರೈವತ್ತಕ್ಕೆ ಖೋಲಿ! ತಿಂಗಳಿಗೋ ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಕೇಳಿದರೆ ಮುದುಕಿಗೆ ತಪ್ಪು ಹೊಳೆದುಬಿಟ್ಟರೆ? ಗಡಬಡಿಸಿ ದುಡ್ಡು ತೆಗೆದು ಕೈಗಿತ್ತಳು.

"ಕ್ಲೀನ್ ಮಾಡ್ಕೊಡ್ಲಾ, ಹಂಗೇ ತಗೊತೀಯಾ?"

"ನಿಮಗ್ಯಾಕ್ರಿ ತ್ರಾಸ? ಕ್ಲೀನ್ ನಾನ ಮಾಡ್ಕೋತೀನಿ."

"ಗಟ್ಟಿಗಿತ್ತಿ ಕಣವ್ವ ನೀನು!" ಎಂದು ಮೆಚ್ಚಿ ವೆಂಕಟಲಕ್ಷ್ಮಮ್ಮ ಹಿತ್ತಲಿಗೆ ಹೋದಳು. ಕೀಲಿಕೈ ತರಲು ಹೋದಳೆಂದು ಸುವರ್ಣಾ ಕಾದಳು. ಎರಡು ನಿಮಿಷದಲ್ಲಿ ಹಿಂದಿರುಗಿದ ಆಕೆ ಕೆಂಪನೆಯ, ಕಾಲು ಕಟ್ಟಿದ, ರೆಕ್ಕೆ ಬಡಿಯುತ್ತಿದ್ದ ಒಂದು ವಸ್ತುವನ್ನು ಸುವರ್ಣಾಳ ಎದೆಗೆ ಒತ್ತಿದಳು.

"ಇದೇನ್ರೀ!"

"ನೀ ಕೇಳಿದ್ದು."

"ಅಯ್ಯ, ಇದಲ್ರಿ ಅಮ್ಮಾರ! ನಾ ಕೇಳಿದ್ದು ಖೋಲಿ!"

"ಇದಲ್ದೆ ಇನ್ನೇನು, ನವಿಲಾ? ಹಿಟ್ಟು ತಿಂದು ಬೆಳೆದ ಅಂಗಡಿ ಕೋಳಿ ಅಲ್ಲ, ಕೆದಕಿ ತಿಂದ ಹೇಂಟೆ ಕಣವ್ವ. ತಗೊಂಡೋಗಿ ಉಣ್ಣು. ಹೊಸ್ಲು ದಾಟಿದ್ ಕೋಳೀನ ನಾನು ವಾಪಸ್ ಇಸ್ಕೊಳಾಕಿಲ್ಲ." ಅಷ್ಟರಲ್ಲಿ ಇನ್ನೊಂದು ಗಿರಾಕಿಯ ಸ್ಕೂಟರ್ ಬಂದು ನಿಂತಿತು. ವೆಂಕಟಲಕ್ಷ್ಮಮ್ಮ ಆ ಕಡೆ ತಿರುಗಿದಳು.

ಕೆರೆಯ ಏರಿಯ ಮೇಲಿನ ಹೊಂಗೆಮರದ ಕೆಳಗೆ ಸುವರ್ಣಾ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹುಟ್ಟಿದಾರಭ್ಯ ಅವಳು ಕೋಳಿಯನ್ನು ಮುಟ್ಟಿದವಳಲ್ಲ. ಅದರ ಮೈ ಇಷ್ಟು ಬೆಚ್ಚಗಿರುತ್ತದೆಂದು ಗೊತ್ತಿರಲಿಲ್ಲ. ಮೆಲ್ಲಗೆ ಹೇಳಿಕೊಂಡಳು: "ಖೋಲಿ." ಮತ್ತೆ ನಾಲಗೆಯನ್ನು ಒಂದಿಷ್ಟು ಹಿಂದಕ್ಕೆ ಮಡಚಿ: "ಕೋಳಿ." ಆಮೇಲೆ ಎರಡನ್ನೂ ಒಂದರ ಹಿಂದೆ ಒಂದು ಹೇಳಿ ನೋಡಿದಳು. ಆಡುಮಾತಿನಲ್ಲಿ ಖ ಹೇಗೂ ಕ ಆಗಿಬಿಡುತ್ತದೆ, ಉಳಿಯುವುದು ಲ-ಳ ಅಂತರ ಒಂದೇ. ಎಲ್ಲ ಬೆಳಕಾಯಿತು. ಅಂಗಡಿಯವನ ತೂಕ, ಸಂಕ್ರಾಂತಿ, ಎತ್ತಿಕೊಂಡು ಹೋದ ಕಳ್ಳ, ಕಾಲು ಕಟ್ಟಿಸಿಕೊಂಡ ಆ ಗಂಡು. ಅರ್ಧ ನಿಮಿಷ ಅವಳಿಗೆ ಮೈಮರೆಯುವಷ್ಟು ಖುಷಿಯಾಯಿತು, ಎಂ.ಎ.ಗೆ ಒಂದು ಪ್ರಬಂಧಕ್ಕೆ ಆಗುವಷ್ಟು ವಿಷಯ ಸಿಕ್ಕಿತ್ತು. 'ಅದು' ಎಂಬ ಟಿಪ್ಪಣಿಯನ್ನು ಹೊಡೆದುಹಾಕಿ, 'ಹೇಂಟೆ' ಎಂದು ಬರೆದುಕೊಂಡಳು. ಆಗ ಕೋಳಿ ಒಂದೇ ಕಣ್ಣಿನಲ್ಲಿ ಅವಳನ್ನು ನೋಡಿತು, ಖುಷಿ ಇಳಿದುಹೋಯಿತು.

ಅಪ್ಪನಿಗೆ ಫೋನು ಮಾಡಿ ಏನೆಂದು ಹೇಳುವುದು? ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ, ಖೋಲಿ ತರಲು ಹೋದ ಮಗಳು ಕೋಳಿ ತಂದಳೆಂದರೆ ಎರಡೂ ಟಿಕೆಟ್ಟು ಗಟ್ಟಿ. ಮೊದಲು ಇದನ್ನು ಸಾಗಹಾಕಬೇಕು. ಕಾಲಿನ ದಾರ ಬಿಚ್ಚಿ ಏರಿಯ ಕೆಳಗೆ ಬಿಟ್ಟು, ಹಿಂದೆ ನೋಡದೆ ಹೊರಟಳು.

"ಹಲೋ, ಆಂಟೀ! ನಿಮ್ ಕೋಳಿ ಓಡೋಗ್ತಾ ಇದೆ!"

ಕೆರೆಯಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದ ಇಡೀ ತಂಡ ಆಟ ಬಿಟ್ಟು ಅದರ ಹಿಂದೆ ಬಿದ್ದಿತು. "ಆ ಕಡೆ ಅಡ್ಡ ನಿಲ್ಲೋ ಮಗಾ! ಬಿಡ್ಬೇಡ ಗುರು!" ಹತ್ತು ನಿಮಿಷದಲ್ಲಿ ಕೋಳಿಯನ್ನು ಹಿಡಿದು, ಕಾಲು ಬಿಗಿಯಾಗಿ ಕಟ್ಟಿ ಅವಳ ಕೈಗೆ ಕೊಟ್ಟು, "ಹುಷಾರು ಆಂಟಿ, ನಾಟಿ ಕೋಳಿ ಜೋರಾಗಿರತ್ತೆ" ಎಂದು ಬುದ್ಧಿ ಹೇಳಿದರು. ಇಪ್ಪತ್ತೆರಡಕ್ಕೇ ಆಂಟಿಯಾದ ಸಂಕಟವನ್ನೂ ನುಂಗಿಕೊಂಡು ಅವಳು ಥ್ಯಾಂಕ್ಸ್ ಹೇಳಿದಳು. ರಸ್ತೆಯಲ್ಲಿ ಒಂದು ಮಾಂಸದಂಗಡಿಯ ಮುಂದೆ ನಿಂತಳು. ಒಳಗಿನ ಮರದ ಕೊರಡು ಕಂಡಿತು. ಕೋಳಿ ಅವಳ ತೋಳಿಗೆ ಒತ್ತಿಕೊಂಡಿತು. ಕಾಲು ಮುಂದೆ ಹೋಗಲಿಲ್ಲ, ಸುಮ್ಮನೆ ದಾಟಿ ಬಂದಳು.

ಹೀಗೆ ಮೂರು ಗಂಟೆಗೆ ಏಕಾಂತಯ್ಯನವರ ನಡುಮನೆಯಲ್ಲಿ ಕೂತಾಗ ಸುವರ್ಣಾಳ ಕಾಲ ಬಳಿಯ ಕೈಚೀಲದಲ್ಲಿ ನೋಟ್‌ಬುಕ್ಕಿನ ಮೇಲೆ ಕೋಳಿ ಕೂತಿತ್ತು. ಚೀಲದ ಬಾಯಿಗೆ ದುಪಟ್ಟಾ ಮುಚ್ಚಿತ್ತು. ಕತ್ತಲಾಯಿತೆಂದುಕೊಂಡು ಅದು ಕಮಕ್ ಕಿಮಕ್ ಎನ್ನದೆ ಇತ್ತು.

ಏಕಾಂತಯ್ಯನವರ ಹೆಂಡತಿ ಜಯದೇವಿ ಗೃಹಪ್ರವೇಶದ ರೇಷ್ಮೆ ಸೀರೆಯಲ್ಲೇ ಕೂತು ವಿಚಾರಣೆ ನಡೆಸಿದರು. ಯಾವ ಊರು, ಯಾವ ಮನೆತನ, ಎಷ್ಟು ಗಂಟೆಗೆ ಏಳುತ್ತೀಯ. ಎಲ್ಲದಕ್ಕೂ ಸುವರ್ಣಾ ಒಪ್ಪುವಂಥ ಉತ್ತರವನ್ನೇ ಕೊಟ್ಟಳು.

"ಮೊಬೈಲ್ ನಂಬರ್ ಕೊಡಮ್ಮ."

"ನನ್ನ ಹತ್ರ ಮೊಬೈಲ್ ಇಲ್ರಿ."

"ಒಳ್ಳೇದೇ ಆಯ್ತು" ಎಂದು ಜಯದೇವಿ ಮೊದಲ ಬಾರಿ ನಕ್ಕರು. "ಈರುಳ್ಳಿ ಬೆಳ್ಳುಳ್ಳಿ ಏನಾದ್ರೂ ಮಾಡ್ಕೊ, ನಮ್ಮದೇನು ತಕರಾರಿಲ್ಲ. ಮೊಟ್ಟೆ ಮಾತ್ರ ಈ ಕಾಂಪೌಂಡ್ ಒಳಗೆ ಬರಬಾರ್ದು."

"ನಾ ತರಂಗಿಲ್ರಿ. ಆಣಿ ಮಾಡಿ ಹೇಳ್ತೀನಿ."

"ಆಗ್ಲಿ, ನಿಮ್ಮ ತಂದೇನ ಕರ್ಕೊಂಡು—"

"ಕೊ..." ಎಂದಿತು ಚೀಲ.

ಜಯದೇವಿ ಚೀಲದ ಕಡೆ ಕತ್ತು ಚಾಚಿದರು. "ಏನದು?"

"ರಿಂಗ್‌ಟೋನ್ ರೀ" ಎಂದಳು ಸುವರ್ಣಾ.

"ಈಗ ತಾನೆ ಮೊಬೈಲ್ ಇಲ್ಲ ಅಂದ್ಯಲ್ಲ?"

ಚೀಲ ಇನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ಕೊ... ಕೊ... ಕೊಕ್ಕೊಕ್ಕೋಕ್!" ಎಂದು ಇಡೀ ಬೀದಿಗೆ ಕೇಳುವಂತೆ ಸಾರಿ, ದುಪಟ್ಟಾ ಸಮೇತ ಕೋಳಿ ಹಾರಿ ಬಂದು ಸೋಫಾದ ಮೇಲೆ ಬಿತ್ತು. ಚೀಲ ಮಗುಚಿತು. ಅದರೊಳಗಿಂದ ಬಿಳಿಯದೊಂದು ಮೊಟ್ಟೆ ನಿಧಾನವಾಗಿ ಹೊರಳುತ್ತ ಮೊಸಾಯಿಕ್ ನೆಲದ ಉದ್ದಕ್ಕೂ ಸಾಗಿ ಏಕಾಂತಯ್ಯನವರ ಕಾಲ ಹೆಬ್ಬೆರಳಿಗೆ ತಾಗಿ ನಿಂತಿತು.

"ನಾ ತಂದದ್ದಲ್ರಿ" ಎಂದಳು ಸುವರ್ಣಾ ಅಳುದನಿಯಲ್ಲಿ. "ಈಗ ಇಲ್ಲೇ ಆಗಿದ್ದು."

"ಏನಮ್ಮಾ ಇದು?" ಎಂದರು ಏಕಾಂತಯ್ಯ.

"ಮಲ್ಲತ್ತಹಳ್ಳ್ಯಾಗ ಖೋಲಿ ಕೇಳಿದ್ನ್ರಿ... ಅವರು..."

ಹುಬ್ಬಳ್ಳಿಯಲ್ಲಿ ಇದ್ದುಬಂದ ಮನುಷ್ಯನಿಗೆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಹೊಟ್ಟೆಯಿಂದ ನಗು ಉಕ್ಕಿ ಬಾಯಿಯವರೆಗೆ ಬಂತು. ಹೆಂಡತಿಯ ಮುಖ ನೋಡಿದರು, ನಗುವನ್ನು ಕೆಮ್ಮಾಗಿ ಬದಲಿಸಿಕೊಂಡರು. ಜಯದೇವಿ ಹಳೆಯ ಪೇಪರು ತಂದು ಮೊಟ್ಟೆಯನ್ನು ಮುಟ್ಟದೆ ಸುತ್ತಿ, ಚೀಲಕ್ಕೆ ಹಾಕಿ, ಗೇಟು ತೆರೆದು ಹಿಡಿದು ನಿಂತರು. ಟು-ಲೆಟ್ ಬೋರ್ಡು ಗೇಟಿನಲ್ಲಿ ತೂಗುತ್ತಲೇ ಇತ್ತು.

ಗೊತ್ತುಗುರಿಯಿಲ್ಲದೆ ಅಲೆದು ನಾಗರಬಾವಿ ಸರ್ಕಲ್ಲಿಗೆ ಬರುವ ಹೊತ್ತಿಗೆ ನಾಲ್ಕೂ ಮುಕ್ಕಾಲು. ಸುವರ್ಣಾಳ ಕಣ್ಣು ತುಂಬಿ ಬಂದಿತ್ತು. ಒಂದು ಅಕ್ಷರಕ್ಕೆ ಎರಡು ವರ್ಷದ ಓದು ಹೋಯಿತಲ್ಲ ಎಂದು ದುಃಖ. ಆ ಅಕ್ಷರವೂ ಓದಿನದೇ ಎಂಬುದು ಇನ್ನೂ ದೊಡ್ಡ ದುಃಖ. ಅಪ್ಪನಿಗೆ ಎಲ್ಲ ಒಪ್ಪಿಸಿಬಿಡುವುದು, ಎಂಟೂವರೆಯ ಬಸ್ಸು ಹತ್ತುವುದು, ಅಷ್ಟೇ. ಬೇಕರಿಯ ಮುಂದಿನ ಕಾಯಿನ್ ಫೋನಿನ ಎದುರು, ಕಂಕುಳಲ್ಲಿ ಕೋಳಿ ಇಟ್ಟುಕೊಂಡು ನಿಂತಳು. ಉಳಿದಿದ್ದುದು ಎರಡೇ ನಾಣ್ಯ.

"ಅಪ್ಪಾ, ನಿಮಗೊಂದು ಮಾತು ಹೇಳಬೇಕು—"

"ಏನೂ ಹೇಳಬ್ಯಾಡ" ಎಂದ ದೇವೇಂದ್ರಪ್ಪ. "ನನಗೆಲ್ಲಾ ಗೊತ್ತಾತು. ನಾ ಈಗ ವೆಂಕಟಲಕ್ಷ್ಮಮ್ಮಾರ ಅಂಗಳದಾಗ ಕುಂತೀನಿ."

ಸುವರ್ಣಾ ಕೋಳಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

"ನಿನ್ನ ಫೋನ್ ಬರಲಿಲ್ಲ. ಕುಂದರಾಕ ಆಗಲಿಲ್ಲ, ರುದ್ರೇಶನ ಮೊಬೈಲ್ ಹಿಡ್ಕೊಂಡು ಆಟೋದಾಗ ಬಂದುಬಿಟ್ಟೆ. ನಮ್ಮ ಹುಡುಗಿ ಖೋಲಿ ಕೇಳಾಕ ಬಂದಿದ್ದಳೇನ್ರಿ ಅಂದೆ. ಬಂದಿದ್ಲು, ಒಂದ ಮಾತಿಗೆ ರೊಕ್ಕ ಕೊಟ್ಟು ತೊಗೊಂಡ್ಲು ಅಂದ್ರು. ಶಬ್ಬಾಸ್ ಮಗಳ!"

"ಅಪ್ಪಾ, ಅದು ಖೋಲಿ ಅಲ್ಲ—"

"ಸಣ್ಣದಂತ ನಾಚಿಗೊಳ್ಳಬ್ಯಾಡ. ಅಮ್ಮಾರೂ ಹೇಳಿದ್ರು, ದೊಡ್ಡದು ಕೊಡ್ತಿದ್ದೆ, ಆಕಿ ಕೇಳಲಿಲ್ಲ ಅಂತ. ಹಗಲೆಲ್ಲಾ ಮನ್ಯಾಗ ಇರ್ತಾರ, ನೀರು ತಾವ ಇಡ್ತಾರ, ಬಾಗಲಕ್ಕ ಬೀಗ ಐತಿ. ಆ ಗಂಡು ಹುಡುಗನ್ನ ಕಟ್ಟಿ ಹಾಕಿದ್ದಷ್ಟ ಮನಸ್ಸಿಗೆ ಹತ್ತಲಿಲ್ಲ, ಪಾಪ. ಇರ್ಲಿ, ಅವರ ಮನಿ ವಿಚಾರ. ಬಸ್ಸಿನವರಿಗೆ ಫೋನ್ ಹಚ್ಚಿ ನಿನ್ನ ಟಿಕೀಟು ಕ್ಯಾನ್ಸಲ್ ಮಾಡಿಸಿದೆ. ಆ ಸೀಟು ಆಗಲೇ ಬ್ಯಾರೆಯವರಿಗೆ ಹೋತಂತ."

ಫೋನು ಕುಯ್ ಎಂದಿತು. ಸುವರ್ಣಾ ಕೊನೆಯ ನಾಣ್ಯ ಹಾಕಿದಳು.

"ಮತ್ತ ಕೇಳು" ಎಂದು ದೇವೇಂದ್ರಪ್ಪ ದನಿ ಇಳಿಸಿದ. "ನೂರೈವತ್ತು ಅಂದ್ರ ಬಿಡಾಕ ಬರ್ತೈತೇನು? ತಿಂಗಳಿಗೇನ್ರಿ ಅಂತ ಕೇಳಾಂವ ಇದ್ದೆ, ಕೇಳಲಿಲ್ಲ. ಅವರ ತಪ್ಪು ನಾವ್ಯಾಕ ತಿದ್ದೂದು? ನಿನ್ನ ತಮ್ಮ ವೀರೇಶನೂ ಮುಂದಿನ ವರ್ಷ ಇಲ್ಲೇ ಓದಾಕ ಬರ್ತಾನ, ನಿಮ್ಮವ್ವ ಬಂದ್ರ ಇರಾಕೂ ಬೇಕು. ಅದಕ್ಕ ನಾನೂ ಎರಡು ಹಿಡಿದೆ. ರೊಕ್ಕ ಕೊಟ್ಟಾತು."

"ಎರಡು!"

"ಹೂಂ. ದೊಡ್ಡವು. ಏನು ಒಳ್ಳೇ ಹೆಣಮಗಳು ಅಂತೀ! ಕ್ಲೀನ್ ಮಾಡಿ ಕೊಡ್ಲೇನು ಅಂತ ತಾವ ಕೇಳಿದ್ರು. ಮಾಡಿ ಕೊಡ್ರಿ, ಪುಣ್ಯ ಬರ್ತೈತಿ ಅಂದೆ. ಆಗಲೇ ಹಿತ್ತಲಕ್ಕ ಹೋಗ್ಯಾರ."

"ಅಪ್ಪಾ! ಬ್ಯಾಡಂತ ಹೇಳ್ರಿ! ಕ್ಲೀನ್ ಮಾಡಬ್ಯಾಡ್ರಿ ಅಂತ ಒದರ್ರಿ!"

"ಅಯ್ಯ, ಯಾಕವಾ? ತಡಿ, ಅಮ್ಮಾರು ಬಂದ್ರು ನೋಡು. ಕೀಲಿಕೈ ತಂದ್ರು... ಅಲ್ಲ, ಇದೇನು, ಪಾತೇಲಿ... ಈ ಪಾತ್ರ್ಯಾಗ ಏನೈತ್ರಿ..."

ಕುಯ್ ಕುಯ್ ಎಂದು ಫೋನು ಸತ್ತಿತು.

ಸುವರ್ಣಾ ಹತ್ತು ರೂಪಾಯಿಯ ನೋಟು ಹಿಡಿದು ಬೇಕರಿಯತ್ತ ಓಡಿದಳು. "ಅಣ್ಣಾ, ಲಗೂನ ಒಂದು ರೂಪಾಯಿ ಕಾಯಿನ್ ಕೊಡ್ರಿ!"

"ಚಿಲ್ರೆ ಇಲ್ಲ ಮೇಡಮ್" ಎಂದ ಬೇಕರಿಯವನು. ಅವನ ಕಣ್ಣು ಅವಳ ಕಂಕುಳಿನ ಮೇಲೆಯೇ ಇತ್ತು. "ನಾಟೀದಾ? ಏನ್ ಕೊಟ್ರಿ ಇದಕ್ಕೆ?"

ಅವಳಿಗೆ ನುಗ್ಗೆಮರದ ಕಿಟಕಿ, ಠಣ್ ಎನ್ನುವ ಚಿಲಕ ಎಲ್ಲ ಕಣ್ಣ ಮುಂದೆ ಬಂದವು. ದುಃಖ ಉಕ್ಕಿ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಒಂದು ಖೋಲಿ ಕೊಟ್ಟೆನ್ರಿ."

ಬೇಕರಿಯವನು ಬನ್ನು ಜೋಡಿಸುವುದನ್ನು ನಿಲ್ಲಿಸಿ ಅವಳನ್ನೂ ಕೋಳಿಯನ್ನೂ ಸರದಿಯಂತೆ ನೋಡಿದ.

"ಕೋಳಿ ಕೊಟ್ಟು ಕೋಳಿ ತಗೊಂಡ್ರಾ?" ಎಂದ. "ಯಾಕ್ ಮೇಡಮ್, ಮೊದಲ್ನೇದು ಚೆನ್ನಾಗಿರ್ಲಿಲ್ವಾ?"